ತಾನೇ ಜೋಡಣೆಯಾಗುವ ಪಾಲಿಮರ್ ಮನೆಯ ತ್ರೀಡಿ ಪ್ರಿಂಟರಿಗೆ ಒಗ್ಗುತ್ತಾ?

ಪ್ರಶ್ನೆ: ನನ್ನ ಬಳಿ ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಹಾಕುವ ಸಣ್ಣ ತ್ರೀಡಿ ಪ್ರಿಂಟರ್ ಇದೆ. ತಾನೇ ಜೋಡಣೆಯಾಗುವ ಪಾಲಿಮರ್ ಬಗ್ಗೆ ಓದಿದೆ. ತುಂಡುಗಳನ್ನು ಪ್ರಿಂಟ್ ಮಾಡಿಟ್ಟರೆ ಅವೇ ಸೇರಿಕೊಂಡು ಒಂದು ವಸ್ತು ಆಗುತ್ತವಾ? ನನ್ನ ಪ್ರಿಂಟರಿನಲ್ಲಿ ಮಾಡಬಹುದಾ?

ಉತ್ತರ: ಇಲ್ಲ, ತುಂಡುಗಳು ಎದ್ದು ಬಂದು ಸೇರಿಕೊಳ್ಳುವುದಿಲ್ಲ. ನಿಮ್ಮ ಮನಸ್ಸಿನಲ್ಲಿರುವುದು ಬಹುಶಃ ಫೋರ್‌ಡಿ ಪ್ರಿಂಟಿಂಗ್. ನೀರೋ ಬಿಸಿಯೋ ತಾಗಿದಾಗ ಪ್ರಿಂಟ್ ಆದ ವಸ್ತು ತಾನಾಗಿ ಮಡಚಿಕೊಳ್ಳುವುದು ಅದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸ್ಕೈಲರ್ ಟಿಬಿಟ್ಸ್ 2013ರಲ್ಲಿ ಅದನ್ನು ಜನಪ್ರಿಯಗೊಳಿಸಿದರು. ನೀವು ಓದಿದ ಪಾಲಿಮರಿನಲ್ಲಿ ಜೋಡಣೆ ನಡೆಯುವುದು ಪ್ಲಾಸ್ಟಿಕ್ಕಿನ ಒಳಗೆ, ಕಣ್ಣಿಗೆ ಕಾಣದ ಅಳತೆಯಲ್ಲಿ.

ಇದರ ಹಿಂದಿರುವುದು ಬ್ಲಾಕ್ ಕೋಪಾಲಿಮರ್. ಒಂದಕ್ಕೊಂದು ಆಗದ ಎರಡು ಬಗೆಯ ಅಣು ಸರಪಳಿಗಳನ್ನು ತುದಿಗೆ ತುದಿ ಸೇರಿಸಿರುತ್ತಾರೆ. ಜಗಳವಾಡುವ ಇಬ್ಬರನ್ನು ಒಂದೇ ಹಗ್ಗಕ್ಕೆ ಕಟ್ಟಿದ ಹಾಗೆ: ದೂರ ಹೋಗಬೇಕು, ಆದರೆ ಹಗ್ಗ ಬಿಡುವುದಿಲ್ಲ. ಹಾಗಾಗಿ ಒಂದೊಂದು ಬಗೆಯೂ ತನ್ನವರ ಜೊತೆ ಪುಟ್ಟ ಗುಂಪು ಕಟ್ಟಿಕೊಳ್ಳುತ್ತದೆ. ಗುಂಪಿನ ಗಾತ್ರ ಸಾಮಾನ್ಯವಾಗಿ 10ರಿಂದ 100 ನ್ಯಾನೋಮೀಟರ್. ಒಂದರ ಪಾಲು ತೀರಾ ಕಡಿಮೆಯಿದ್ದರೆ ಗೋಲಿಗಳು, ಸ್ವಲ್ಪ ಜಾಸ್ತಿಯಾದರೆ ಉದ್ದನೆಯ ಕಡ್ಡಿಗಳು, ಸಮಸಮ ಇದ್ದರೆ ಪದರಗಳು. ನಿಮ್ಮ ಪ್ರಿಂಟರಿನ ನಾಜಲ್ ತೂತು ಬಹುಶಃ 0.4 ಮಿಲಿಮೀಟರ್ ಇರುತ್ತದೆ. ಅಂದರೆ 4 ಲಕ್ಷ ನ್ಯಾನೋಮೀಟರ್. ಅಷ್ಟು ದಪ್ಪದ ತೂತಿನಿಂದ ಇಷ್ಟು ಸಣ್ಣ ಚಿತ್ತಾರ ಬರೆಯಲು ಆಗುವುದೇ ಇಲ್ಲ. ದೊಡ್ಡ ಆಕಾರ ಪ್ರಿಂಟರಿನ ಕೆಲಸ, ಒಳಗಿನದು ಅಣುಗಳ ಕೆಲಸ.

ಕೇಳಲು ಸುಲಭ, ಅಲ್ವಾ? ತೊಡಕು ಇರುವುದು ಸಮಯದಲ್ಲಿ. ಸಾಲಾಗಿ ನಿಲ್ಲಲು ಸರಪಳಿಗಳು ಓಡಾಡಬೇಕು. ನಾಜಲ್ಲಿನಿಂದ ಹೊರಬಂದ ಪ್ಲಾಸ್ಟಿಕ್ ಕೆಲವೇ ಕ್ಷಣದಲ್ಲಿ ತಣ್ಣಗಾಗಿ ಗಟ್ಟಿಯಾಗುತ್ತದೆ, ಸರಪಳಿಗಳು ಅರ್ಧ ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಸರಪಳಿ ಉದ್ದವಾದಷ್ಟೂ ಬೇರೆಯಾಗುವ ಒತ್ತಡ ಜಾಸ್ತಿ, ಆದರೆ ಚಲನೆ ನಿಧಾನ. ಪ್ರಿಂಟ್ ಆದ ಮೇಲೆ ಮತ್ತೆ ಹದವಾಗಿ ಬಿಸಿ ಮಾಡಿದರೆ ಜೋಡಣೆ ಸುಧಾರಿಸುತ್ತದೆ. ಬಿಸಿ ಮಿತಿ ಮೀರಿದರೆ ಕಷ್ಟಪಟ್ಟು ಮಾಡಿದ ಆಕಾರವೇ ಕುಸಿಯುತ್ತದೆ. ಹೊಸ ವಸ್ತುವಿನ ಸುದ್ದಿ ಓದುವಾಗ ನಾನು ಮೊದಲು ಹುಡುಕುವುದು ಈ ವಿವರವನ್ನೇ.

ನಾಜಲ್ ಬರೀ ಅಡ್ಡಿ ಮಾಡುತ್ತದೆ ಎಂದೇನಿಲ್ಲ. ಒಳಗಿನ ಕಡ್ಡಿಗಳನ್ನು ಅದು ಎಳೆಯುವ ದಿಕ್ಕಿಗೆ ತಿರುಗಿಸುತ್ತದೆ. ಹೀಗೆ ಪ್ರಿಂಟ್ ಮಾಡಿದ ರಬ್ಬರಿನಂಥ ಹಾಳೆ ಒಂದು ಕಡೆಗೆ ಬಿಗಿ, ಇನ್ನೊಂದು ಕಡೆಗೆ ಸಡಿಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 2020ರಲ್ಲಿ ಇನ್ನೂ ಚೆಂದದ್ದೊಂದು ಮಾಡಿದರು. ಶಾಯಿಯಂತೆ ಬಳಸಿದ ಪಾಲಿಮರ್ ದ್ರಾವಣ ಒಂದೇ, ಪ್ರಿಂಟ್ ಮಾಡುವ ವೇಗ ಮತ್ತು ಬಿಸಿ ಬದಲಿಸಿದರೆ ಬಣ್ಣ ಬದಲು. ಬಣ್ಣದ ಪುಡಿ ಹಾಕಿರಲಿಲ್ಲ. ಪದರಗಳ ದಪ್ಪ ಬದಲಾಗಿ, ಅವು ಹಿಂತಿರುಗಿಸುವ ಬೆಳಕು ಬದಲಾಗಿತ್ತು.

ಬೆಳಕಿನಿಂದ ದ್ರವವನ್ನು ಗಟ್ಟಿ ಮಾಡುವ ರೆಸಿನ್ ಪ್ರಿಂಟರಿಗೆ ಬೇರೆ ಉಪಾಯವಿದೆ. ಒಂದು ಸರಪಳಿಯನ್ನು ಮೊದಲೇ ರೆಸಿನ್‌ನಲ್ಲಿ ಕರಗಿಸಿಟ್ಟು, ಅದರ ತುದಿಯಿಂದ ಎರಡನೆಯದನ್ನು ಬೆಳಕು ಬಿದ್ದಲ್ಲೇ ಬೆಳೆಸುತ್ತಾರೆ. ಬೆಳೆಯುತ್ತಿದ್ದಂತೆ ಎರಡೂ ಬೇರೆಯಾಗತೊಡಗುತ್ತವೆ. ಅಷ್ಟರಲ್ಲಿ ಸರಪಳಿಗಳ ನಡುವೆ ಅಡ್ಡ ಬಂಧಗಳು ಬಿದ್ದು ಎಲ್ಲವೂ ಅಲ್ಲೇ ನಿಲ್ಲುತ್ತದೆ. ಆಮೇಲೆ ಒಂದು ಭಾಗವನ್ನು ರಾಸಾಯನಿಕದಿಂದ ತೆಗೆದರೆ ನ್ಯಾನೋ ರಂಧ್ರಗಳ ಜಾಲ ಉಳಿಯುತ್ತದೆ. ಸೋಸುವ ಪೊರೆಗಳಿಗೆ ಇದು ತುಂಬಾ ಬೇಕಾದದ್ದು.

ಇನ್ನು ನಿಮ್ಮ ಪ್ರಿಂಟರ್. ಟಿಪಿಯು ಎಂಬ ರಬ್ಬರಿನಂತೆ ಬಾಗುವ ಪ್ಲಾಸ್ಟಿಕ್ಕಿನ ಎಳೆ ಎಂದಾದರೂ ಹಾಕಿದ್ದೀರಾ? ಹಾಕಿದ್ದರೆ ಈ ಕೆಲಸ ಆಗಲೇ ಮಾಡಿದ್ದೀರಿ. ಟಿಪಿಯುವಿನಲ್ಲೂ ಗಟ್ಟಿ ತುಣುಕು, ಮೆದು ತುಣುಕು ಎರಡಿವೆ. ಗಟ್ಟಿಯವು ಗುಂಪಾಗಿ ಗಂಟಿನಂತೆ ಹಿಡಿದುಕೊಳ್ಳುತ್ತವೆ. ಅದಕ್ಕೇ ಅದು ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಹಿಂದಕ್ಕೆ ಬರುತ್ತದೆ, ಕಾಯಿಸಿದರೆ ಕರಗುತ್ತದೆ. ಹಾಕುವ ಮೊದಲು ಎಳೆಯನ್ನು ಚೆನ್ನಾಗಿ ಒಣಗಿಸಿ, ನಿಧಾನವಾಗಿ ಪ್ರಿಂಟ್ ಮಾಡಿ. ತೇವ ಕುಡಿದ ಟಿಪಿಯು ನಾಜಲ್ಲಿನಲ್ಲಿ ಚಟಪಟ ಎನ್ನುತ್ತದೆ, ಗುಳ್ಳೆ ಬರುತ್ತದೆ.

ಪ್ರಶ್ನೆ: ಜೀವಕೋಶ ಪ್ರಿಂಟ್ ಮಾಡುವವರು ತಂಪು ಮಾಡಿದರೆ ಕರಗುವ ಜೆಲ್ ಬಳಸುತ್ತಾರಂತೆ. ಇದು ಉಲ್ಟಾ ಅಲ್ವಾ?

ಉತ್ತರ: ಉಲ್ಟಾನೇ. ಅದರ ಹೆಸರು ಪ್ಲುರಾನಿಕ್ ಎಫ್127, ಅದೂ ಒಂದು ಬ್ಲಾಕ್ ಕೋಪಾಲಿಮರ್. ಸರಪಳಿಯ ಎರಡೂ ತುದಿಗೆ ನೀರು ಇಷ್ಟ. ನಡುವಿನ ಭಾಗಕ್ಕೆ ಬಿಸಿ ಏರಿದಂತೆ ನೀರು ಬೇಡವಾಗುತ್ತದೆ. ಆಗ ಸರಪಳಿಗಳು ನಡುಭಾಗವನ್ನು ಒಳಗೆ ಬಚ್ಚಿಟ್ಟು ಉಂಡೆಯಾಗುತ್ತವೆ. ದ್ರಾವಣ ಸಾಕಷ್ಟು ಗಾಢವಾಗಿದ್ದರೆ ಉಂಡೆಗಳು ಒತ್ತೊತ್ತಾಗಿ ನಿಂತು ಜೆಲ್ ಆಗುತ್ತದೆ. ಈ ಜೆಲ್ಲಿನಿಂದ ರಕ್ತನಾಳದ ಆಕಾರ ಬರೆದು, ಸುತ್ತ ಬೇರೆ ಜೆಲ್ ತುಂಬಿ, ಫ್ರಿಜ್ಜಿನಷ್ಟು ತಂಪು ಮಾಡಿದರೆ ಒಳಗಿನದು ದ್ರವವಾಗಿ ಹರಿದುಹೋಗಿ ನಾಲೆ ಉಳಿಯುತ್ತದೆ. ಶಾಶ್ವತ ಭಾಗಕ್ಕೆ ಮಾತ್ರ ಇದನ್ನು ನಂಬಬೇಡಿ, ನೀರು ಜಾಸ್ತಿ ಸೇರಿದರೆ ಬೆಚ್ಚಗಿದ್ದರೂ ಕರಗುತ್ತದೆ.