ಬೆಳ್ಳಂದೂರು ಕೆರೆಯ ನೊರೆಗೆ ಮದ್ದೇನು?

ಪ್ರಶ್ನೆ: ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಮಳೆ ಬಂದಾಗ ಹೆಚ್ಚಾಗುವುದೇಕೆ? ನೀರು ಚಿಮುಕಿಸಿ ನೊರೆಯನ್ನು ಅಡಗಿಸಿದರೆ ಮಾಲಿನ್ಯ ನಿಯಂತ್ರಣವಾದಂತೆಯೇ?

ಉತ್ತರ: ಖಂಡಿತ ಇಲ್ಲ. ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಪುಡಿಗಳಲ್ಲಿರುವ ನೊರೆಕಾರಕ ರಾಸಾಯನಿಕಗಳು ಮನೆಗಳ ಕೊಳಚೆಯೊಂದಿಗೆ ರಾಜಕಾಲುವೆಗಳ ಮೂಲಕ ಕೆರೆ ಸೇರಿ, ಅದರಲ್ಲಿ ಒಂದು ಭಾಗ ತಳದ ಹೂಳಿನಲ್ಲಿ ಕೂಡಿಕೊಂಡಿರುತ್ತದೆ. ಜೋರು ಮಳೆಗೆ ಹೂಳು ಕದಡಿ, ನೀರು ಕೋಡಿಯಿಂದ ರಭಸವಾಗಿ ಧುಮುಕುವಾಗ ಗಾಳಿ ಬೆರೆತು, ಮೊಸರು ಕಡೆದಂತೆ ನೊರೆ ಏಳುತ್ತದೆ. ಆ ನೊರೆ ಗಾಳಿಗೆ ಹಾರಿ ರಸ್ತೆಗೆ ಬಂದಾಗ ಜಲಮಾಲಿನ್ಯವು ದಾರಿಹೋಕರ ಮೈಮೇಲೂ ಬೀಳುತ್ತದೆ. 2015ರ ಮೇ ತಿಂಗಳಲ್ಲಿ ಇಲ್ಲಿ ನೊರೆಗೇ ಬೆಂಕಿ ಹೊತ್ತಿಕೊಂಡಿತ್ತು. ಕೆರೆಯೊಂದಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ?

ನಿಯಂತ್ರಣ ಆಗಬೇಕಾದದ್ದು ಕೊಳಚೆ ಕೆರೆ ಸೇರುವುದಕ್ಕೆ ಮೊದಲೇ. ಶುದ್ಧೀಕರಣ ಘಟಕದ ಮೊದಲ ಹಂತದಲ್ಲಿ ಘನ ಕಲ್ಮಶ ತಳಕ್ಕಿಳಿಯುತ್ತದೆ, ಎರಡನೆಯದರಲ್ಲಿ ಗಾಳಿ ಊದಿ ಬೆಳೆಸಿದ ಬ್ಯಾಕ್ಟೀರಿಯಾಗಳು ಸಾವಯವ ಕೊಳೆಯನ್ನು ತಿಂದು ಮುಗಿಸುತ್ತವೆ. ಆದರೆ ಅಂತರಗಂಗೆಯಂಥ ಕಳೆಯನ್ನು ಕೊಬ್ಬಿಸುವ ಸಾರಜನಕ ಮತ್ತು ರಂಜಕಗಳನ್ನು ಸಾಕಷ್ಟು ತೆಗೆಯಲು ಅದಕ್ಕೆಂದೇ ರೂಪಿಸಿದ ಮುಂದಿನ ಸಂಸ್ಕರಣೆ ಬೇಕು. ಜಲಮಾಲಿನ್ಯ ತಡೆ ಕಾಯ್ದೆ 1974ರಷ್ಟು ಹಿಂದೆಯೇ ಬಂದಿದೆ. ಕೊರತೆ ಕಾನೂನಿನದಲ್ಲ, ಪ್ರತಿ ಮನೆಯ ಕೊಳಚೆಯನ್ನೂ ಘಟಕಕ್ಕೆ ಮುಟ್ಟಿಸುವ ಕೊಳವೆಗಳದ್ದು ಎಂಬುದು ನನ್ನ ಅಭಿಪ್ರಾಯ. ಬೆಳ್ಳಂದೂರು ಕೆರೆ ಇರುವ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೂ ಹರಿಯುತ್ತಿದ್ದು, ಮೂರನೆಯ ಹಂತದ ಶುದ್ಧೀಕರಣ ಬೇಕೆಂದು ಅಲ್ಲಿನ ರೈತರು ಕೇಳುತ್ತಿರುವುದು ಪೂರ್ತಿ ನ್ಯಾಯವಾಗಿದೆ.