ಲಾಸ್ ವೇಗಸ್‌ಗೆ ಮಕ್ಕಳ ಜೊತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದಲ್ಲಿದ್ದೇವೆ. ಜುಲೈನಲ್ಲಿ ಊರಿನಿಂದ ಅತ್ತೆ-ಮಾವ ಬರುತ್ತಾರೆ. ಎಲ್ಲರೂ ಸೇರಿ ಲಾಸ್ ವೇಗಸ್ ನೋಡುವ ಆಸೆ. ಮಕ್ಕಳಿಗೆ 4 ಮತ್ತು 11 ವರ್ಷ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯಲು ಕಾನೂನಿನ ಅಡ್ಡಿ ಇದೆಯೇ?

ಉತ್ತರ: ಲಾಸ್ ವೇಗಸ್‌ಗೆ ಹೋಗಲು ಅಡ್ಡಿಯಿಲ್ಲ. ಅದು ಇರುವ ನೆವಾಡಾ ರಾಜ್ಯದ ಕಾನೂನಿನಂತೆ 21 ವರ್ಷ ತುಂಬದವರು ಜೂಜಾಡುವಂತಿಲ್ಲ, ಆಟ ನಡೆಯುವ ಜಾಗದಲ್ಲಿ ಸುಮ್ಮನೆ ನಿಂತಿರುವಂತೆಯೂ ಇಲ್ಲ. ಕೋಣೆಗೋ ಊಟಕ್ಕೋ ಪ್ರದರ್ಶನಕ್ಕೋ ಹೋಗುವಾಗ ದೊಡ್ಡವರ ಜೊತೆ ಕ್ಯಾಸಿನೋ ನಡುವಿನ ದಾರಿಯಲ್ಲಿ ಹಾದುಹೋಗಬಹುದು. ತೊಡಕು ಬರುವುದು ಇಲ್ಲೇ. ಮಿನುಗುವ ಯಂತ್ರದ ಮುಂದೆ ನಾಲ್ಕು ವರ್ಷದ ಮಗು ನಿಂತುಬಿಡುತ್ತದೆ, ಅಜ್ಜ ಫೋಟೋ ತೆಗೆಯಲು ಹೊರಡುತ್ತಾರೆ, ಭದ್ರತಾ ಸಿಬ್ಬಂದಿ ಬಂದು ಮುಂದೆ ಸಾಗಿ ಎನ್ನುತ್ತಾರೆ. ಅತ್ತೆ-ಮಾವನಿಗೆ ಇದನ್ನು ಮೊದಲೇ ತಿಳಿಸಿಡಿ. ವಿಮಾನದಲ್ಲಿ ಹೋಗುವವರಿಗೆ ನಿಲ್ದಾಣದ ಒಳಗೇ ಸ್ಲಾಟ್ ಯಂತ್ರಗಳು ಎದುರಾಗುತ್ತವೆ. ತಮಾಷೆಗೂ ಮಗುವಿನ ಕೈಯಿಂದ ಬಟನ್ ಒತ್ತಿಸಬೇಡಿ. 21 ತುಂಬದವರು ಆಡಿ ಗೆದ್ದರೆ ಆ ಹಣ ಸಿಗುವುದಿಲ್ಲ.

ಕೆಲವು ಹೋಟೆಲುಗಳು ಇಡಿಯಾಗಿ ವಯಸ್ಕರಿಗೇ ಮೀಸಲು. ಡೌನ್‌ಟೌನ್‌ನ ಸರ್ಕಾ 2020ರಲ್ಲಿ ತೆರೆದಾಗಿನಿಂದ 21ರ ಒಳಗಿನವರನ್ನು ಸೇರಿಸುವುದಿಲ್ಲ. ಕಡಿಮೆ ಬೆಲೆ ಕಂಡ ಕೂಡಲೇ ಬುಕ್ ಮಾಡುವವರು ಈ ಷರತ್ತನ್ನು ಓದಿರುವುದಿಲ್ಲ.

ಪ್ರಶ್ನೆ: ಮಕ್ಕಳಿರುವ ಕುಟುಂಬ ಎಂಥ ಹೋಟೆಲ್ ಹಿಡಿಯಬೇಕು? ಖರ್ಚಿನ ಲೆಕ್ಕ ಹೇಗೆ?

ಉತ್ತರ: ಇಡೀ ಪ್ರವಾಸ ಹೇಗಿರುತ್ತದೆ ಎನ್ನುವುದು ಹೆಚ್ಚುಕಡಿಮೆ ಇಲ್ಲೇ ತೀರ್ಮಾನವಾಗುತ್ತದೆ. ದೊಡ್ಡ ಕ್ಯಾಸಿನೋ ಹೋಟೆಲುಗಳಲ್ಲಿ ಬಾಗಿಲಿನಿಂದ ಲಿಫ್ಟ್‌ಗೆ, ಲಿಫ್ಟ್‌ನಿಂದ ಈಜುಕೊಳಕ್ಕೆ, ಎಲ್ಲಿಗೆ ಹೋದರೂ ಆಟದ ಅಂಗಳ ದಾಟಲೇಬೇಕಾಗುತ್ತದೆ. ಅತಿಥಿಗಳು ಯಂತ್ರಗಳ ಪಕ್ಕದಲ್ಲೇ ಓಡಾಡಲಿ ಎಂದೇ ಕಟ್ಟಡವನ್ನು ಹಾಗೆ ರೂಪಿಸಿರುತ್ತಾರೆ. ಜೊತೆಗೆ ಹೊಗೆ. ನೆವಾಡಾದಲ್ಲಿ ಕ್ಯಾಸಿನೋ ಅಂಗಳದೊಳಗೆ ಸಿಗರೇಟು ಸೇದಲು ಅವಕಾಶವಿದೆ. ಮಗುವಿಗೆ ಉಬ್ಬಸವಿದ್ದರೆ ದಿನಕ್ಕೆ ಏಳೆಂಟು ಸಲ ಆ ಹೊಗೆಯ ನಡುವೆ ನಡೆಸುವುದು ಖಂಡಿತ ಬೇಡ.

ಹಾಗಾಗಿ ಕ್ಯಾಸಿನೋ ಇಲ್ಲದ ಹೋಟೆಲನ್ನೇ ಹಿಡಿಯಿರಿ ಎಂಬುದು ನಮ್ಮ ಸಲಹೆ. ವಿಡಾರಾ, ಎಂಜಿಎಂ ಗ್ರ್ಯಾಂಡ್ ಪಕ್ಕದ ಸಿಗ್ನೇಚರ್, ಇವೆರಡರಲ್ಲೂ ಕ್ಯಾಸಿನೋ ಇಲ್ಲ, ಧೂಮಪಾನಕ್ಕೆ ಅವಕಾಶವಿಲ್ಲ, ಬಹಳಷ್ಟು ಕೋಣೆಗಳಲ್ಲಿ ಪುಟ್ಟ ಅಡುಗೆಮೂಲೆ ಇರುತ್ತದೆ. ಇದು ಸಣ್ಣ ವಿಷಯವಲ್ಲ. ಕ್ಯಾಸಿನೋ ಹೋಟೆಲಿನ ಸಾಮಾನ್ಯ ಕೋಣೆಯಲ್ಲಿ ಮೈಕ್ರೋವೇವ್ ಇರುವುದು ಅಪರೂಪ, ರಾತ್ರಿ ಹಾಲು ಬಿಸಿ ಮಾಡುವುದಕ್ಕೂ ಪರದಾಡಬೇಕಾಗುತ್ತದೆ. ಫ್ರಿಜ್ ಇದ್ದರೂ ಹಲವೆಡೆ ಅದು ಮಾರಾಟದ ತಿಂಡಿ-ಪಾನೀಯ ತುಂಬಿದ ಮಿನಿಬಾರ್. ಒಳಗೆ ಸೆನ್ಸರ್ ಇರುವುದರಿಂದ ಮಗು ಚಾಕೊಲೇಟ್ ಎತ್ತಿ ಮತ್ತೆ ಅಲ್ಲೇ ಇಟ್ಟರೂ ಬಿಲ್ಲಿಗೆ ಸೇರಬಹುದು. ಕೋಣೆಗೆ ಹೋದ ಕೂಡಲೇ ಮಿನಿಬಾರ್‌ಗೆ ಬೀಗ ಹಾಕಿಸಿ ಅಥವಾ ಖಾಲಿ ಮಾಡಿಸಿ. ಕ್ಯಾಸಿನೋ ಇರುವ ಹೋಟೆಲೇ ಬೇಕೆಂದರೆ ಪಾರ್ಕ್ ಎಂಜಿಎಂ ನೋಡಿ, 2020ರಿಂದ ಅಲ್ಲಿ ಒಳಗೆ ಸೇದುವಂತಿಲ್ಲ.

ಕೋಣೆಯ ಬಾಡಿಗೆಯ ಮೇಲೆ, ಈಜುಕೊಳದಂಥ ಸೌಲಭ್ಯಗಳ ಹೆಸರಿನಲ್ಲಿ, ರಿಸಾರ್ಟ್ ಶುಲ್ಕ ಬೀಳುತ್ತದೆ. ದೊಡ್ಡ ಹೋಟೆಲುಗಳಲ್ಲಿ ಒಂದು ರಾತ್ರಿಗೆ ಸುಮಾರು 40ರಿಂದ 55 ಡಾಲರ್, ಅದಕ್ಕೆ ತೆರಿಗೆ ಬೇರೆ. ಈಜುಕೊಳಕ್ಕೆ ಇಳಿಯದಿದ್ದರೂ ಕೊಡಲೇಬೇಕು. 2025ರ ಮೇ ತಿಂಗಳಿನಿಂದ ಈ ಶುಲ್ಕ ಸೇರಿಸಿಯೇ ಬೆಲೆ ತೋರಿಸಬೇಕೆಂಬ ಅಮೆರಿಕದ ಕೇಂದ್ರ ಸರ್ಕಾರದ ನಿಯಮ ಬಂದಿದೆ. ಆದರೂ ತೆರಿಗೆ ಮತ್ತು ಕಾರು ನಿಲ್ಲಿಸುವ ಶುಲ್ಕವನ್ನು ಬೇರೆಯಾಗಿ ಕೂಡಿಸಿ ನೋಡಿ. ಶುಕ್ರವಾರ-ಶನಿವಾರ ಬಾಡಿಗೆ ಏರುತ್ತದೆ, ಭಾನುವಾರದಿಂದ ಗುರುವಾರದವರೆಗೆ ಉಳಿದರೆ ಅಗ್ಗ, ಜನಜಂಗುಳಿಯೂ ಕಡಿಮೆ.

ಪ್ರಶ್ನೆ: ಜುಲೈನಲ್ಲಿ ಬಿಸಿಲು ಹೇಗಿರುತ್ತದೆ? ಮಕ್ಕಳಿಗೆ ನೋಡಲು ಏನಿದೆ?

ಉತ್ತರ: ಜುಲೈನಲ್ಲಿ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. 2024ರ ಜುಲೈ 7ರಂದು 48.9 ಡಿಗ್ರಿಗೆ ಮುಟ್ಟಿ ದಾಖಲೆಯಾಯಿತು. ಒಣಗಾಳಿಯಲ್ಲಿ ಬೆವರು ಕೂಡಲೇ ಆರಿಹೋಗುವುದರಿಂದ ಮೈಯ ನೀರು ಇಳಿಯುತ್ತಿರುವುದು ಮಕ್ಕಳಿಗೂ ವಯಸ್ಸಾದವರಿಗೂ ಗೊತ್ತಾಗುವುದಿಲ್ಲ. ಬಾಯಾರುವವರೆಗೆ ಕಾಯದೆ ನೀರು ಕುಡಿಸುತ್ತಿರಿ. ಬರಿಗಾಲಲ್ಲಿ ಬಿಡಬೇಡಿ, ಕಾದ ನೆಲ ಅಂಗಾಲು ಸುಡುತ್ತದೆ. ದೊಡ್ಡ ಕ್ಯಾಸಿನೋ ಹೋಟೆಲುಗಳು ಸಾಲಾಗಿರುವ ಸ್ಟ್ರಿಪ್ ರಸ್ತೆಯ ಉದ್ದ ಸುಮಾರು 6.8 ಕಿಲೋಮೀಟರ್. ಕಟ್ಟಡಗಳು ಭಾರೀ ದೊಡ್ಡವಾದ್ದರಿಂದ ಪಕ್ಕದ ಹೋಟೆಲ್ ಕೈಗೆಟುಕುವಂತೆ ಕಾಣುತ್ತದೆ, ನಡೆಯಲು ಹೊರಟರೆ ಕಾಲು ಗಂಟೆ ಹಿಡಿಯುತ್ತದೆ. ಹೊರಗಿನ ಓಡಾಟ ಬೆಳಿಗ್ಗೆ 10ರೊಳಗೆ ಮುಗಿಯಲಿ.

ನಡುಹಗಲಿಗೆ ‘ಸರ್ಕಸ್ ಸರ್ಕಸ್’ ಹೋಟೆಲಿನ ಅಡ್ವೆಂಚರ್‌ಡೋಮ್ ಇದೆ. ಅದು ಗಾಜಿನ ಸೂರಿನಡಿಯ ಆಟದ ಪಾರ್ಕ್. ದೊಡ್ಡ ಆಟಗಳಿಗೆ 48 ಇಂಚು ಎತ್ತರ ಬೇಕು, ಆದ್ದರಿಂದ ಹಿರಿಯ ಮಗುವಿಗೆ ದಿನವಿಡೀ ಟಿಕೆಟ್, ಕಿರಿಯದಕ್ಕೆ ಚಿಕ್ಕ ಆಟಗಳ ಟಿಕೆಟ್ ಎಂದು ಬೇರೆ ಮಾಡಿಕೊಳ್ಳಿ. ಮ್ಯಾಂಡಲೇ ಬೇ ಹೋಟೆಲಿನ ಶಾರ್ಕ್ ರೀಫ್ ಅಕ್ವೇರಿಯಂ ಅಜ್ಜ-ಅಜ್ಜಿಗೂ ಹಿಡಿಸುತ್ತದೆ. ಬೆಲಾಜಿಯೋ ಹೋಟೆಲಿನ ಮುಂದಿನ ಕಾರಂಜಿ ಉಚಿತ. ಸಂಜೆ ಮೇಲೆ ಕಾಲು ಗಂಟೆಗೊಮ್ಮೆ ಚಿಮ್ಮುತ್ತದೆ, ಗಾಳಿ ಜೋರಾದರೆ ನಿಲ್ಲಿಸುತ್ತಾರೆ. ಮಿರಾಜ್ ಹೋಟೆಲ್ 2024ರ ಜುಲೈನಲ್ಲಿ ಮುಚ್ಚಿದೆ, ಹಳೆಯ ಮಾರ್ಗದರ್ಶಿ ನೋಡಿಕೊಂಡು ಅದರ ಮುಂದಿದ್ದ ಕೃತಕ ಜ್ವಾಲಾಮುಖಿ ಹುಡುಕಬೇಡಿ. ಹೂವರ್ ಅಣೆಕಟ್ಟು 50 ಕಿಲೋಮೀಟರ್ ಆಸುಪಾಸಿನಲ್ಲಿದೆ. ಬೆಳಿಗ್ಗೆ ಬೇಗ ಹೊರಟರೆ ಊಟದ ಹೊತ್ತಿಗೆ ಮರಳಬಹುದು.

ಪ್ರಶ್ನೆ: ಮಕ್ಕಳು ಮಲಗಿದ ಮೇಲೆ ನಾವಿಬ್ಬರೂ ಕೆಳಗೆ ಹೋಗಿ ಸ್ವಲ್ಪ ಹೊತ್ತು ಆಡಿ ಬಂದರೆ?

ಉತ್ತರ: ಬೇಡ. ಆಟಕ್ಕೆ ಕುಳಿತವರಿಗೆ ಹೊತ್ತು ಹೋಗುವುದು ತಿಳಿಯುವುದಿಲ್ಲ. ಅರ್ಧ ಗಂಟೆ ಎಂದು ಇಳಿದವರು ಮೇಲೇರುವುದು ಮೂರು ತಾಸು ಕಳೆದ ಮೇಲೆ. 1997ರಲ್ಲಿ ನೆವಾಡಾದ ಪ್ರಿಮ್ ಎಂಬಲ್ಲಿನ ಕ್ಯಾಸಿನೋದಲ್ಲಿ ತಂದೆ ಜೂಜಾಡುತ್ತಿದ್ದಾಗ, ವಿಡಿಯೋ ಆಟಗಳ ಕಡೆ ಇದ್ದ ಏಳು ವರ್ಷದ ಮಗಳು ನಡುರಾತ್ರಿ ಕಳೆದ ಮೇಲೆ ಕೊಲೆಯಾದಳು. ವಿಡಿಯೋ ಆಟಗಳ ಆರ್ಕೇಡ್ ಎಂದರೆ ಮಕ್ಕಳನ್ನು ಬಿಟ್ಟುಹೋಗುವ ಜಾಗವಲ್ಲ, ಹೋಟೆಲ್ ಕೋಣೆಯೂ ಅಲ್ಲ. ಅಣ್ಣನೋ ಅಕ್ಕನೋ ಜೊತೆಗಿದ್ದರೂ ಸಾಲದು. ಆಡಲೇಬೇಕೆಂದರೆ ಒಬ್ಬೊಬ್ಬರಾಗಿ ಹೋಗಿ. ಕಳೆದುಕೊಂಡರೂ ಪರವಾಗಿಲ್ಲ ಎನಿಸುವ ಮೊತ್ತವನ್ನಷ್ಟೇ ನಗದಾಗಿ ಒಯ್ಯಿರಿ, ಕಾರ್ಡು ಕೋಣೆಯಲ್ಲಿರಲಿ. ಮಕ್ಕಳನ್ನು ಅತ್ತೆ-ಮಾವನ ಮೇಲೆ ಬಿಡುವುದಾದರೆ ಒಂದು ಸಂಜೆಗೆ, ಅವರನ್ನು ಕೇಳಿಯೇ.

ಪ್ರಶ್ನೆ: ನಮ್ಮ ಮಗನಿಗೆ 16. ಒಬ್ಬನೇ ಸುತ್ತಾಡಿ ಬರಬಹುದೇ?

ಉತ್ತರ: ಹಗಲಲ್ಲಿ ಬರಬಹುದು. ವಾರಾಂತ್ಯ ಮತ್ತು ರಜಾದಿನಗಳಲ್ಲಿ ಸ್ಟ್ರಿಪ್ ಮೇಲೆ ರಾತ್ರಿ 9ರ ನಂತರ 18ರ ಒಳಗಿನವರು ಹೆತ್ತವರಿಲ್ಲದೆ ಇರುವಂತಿಲ್ಲ, ಪೊಲೀಸರು ತಡೆದು ಕೇಳುತ್ತಾರೆ. ಪ್ರದರ್ಶನಗಳಿಗೂ ವಯಸ್ಸಿನ ಮಿತಿ ಬೇರೆಬೇರೆ. ಕೆಲವು 5 ವರ್ಷ ತುಂಬಿದವರಿಗೆ, ಕೆಲವು 16 ಅಥವಾ 18 ದಾಟಿದವರಿಗೆ ಮಾತ್ರ. ಟಿಕೆಟ್ ಹಣ ಸಾಮಾನ್ಯವಾಗಿ ಮರಳದ ಕಾರಣ ಮಿತಿ ಓದಿಕೊಂಡೇ ಕೊಳ್ಳಿ. ಅವನ ಗುರುತಿನ ಚೀಟಿ ಜೊತೆಗಿರಲಿ.