ಇಂಗ್ಲಿಷ್ ಪ್ರಶ್ನೋತ್ತರ: ಪಟ್ಟಿ ಬೇಡ, ನಿಮ್ಮ ಲೆಡ್ಜರ್ ಸಾಕು

ಪ್ರಶ್ನೆ: ಓದಿದ್ದು ಕನ್ನಡ ಮಾಧ್ಯಮ. ಈಗ ಖಾಸಗಿ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಆನ್, ಆಫ್ ಥರದ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಡುವ ಜೋಡಿ) ಪುಸ್ತಕ ತಂದು ದಿನಾ ಉರು ಹೊಡೆಯುತ್ತಿದ್ದೇನೆ. ಪುಟ್ ಆನ್, ಪುಟ್ ಆಫ್, ಪುಟ್ ಔಟ್ ಎಲ್ಲ ಕಲಸುಮೇಲೋಗರ. ಮೇಲ್ ಬರೆಯಲು ಕೂತರೆ ಒಂದೂ ನೆನಪಾಗುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಮೊದಲು ಆ ಪುಸ್ತಕ ಮುಚ್ಚಿಡಿ. ಒಂದೇ ‘ಪುಟ್’ಗೆ ಹತ್ತು ಬಾಲ ಕಟ್ಟಿ ಒಟ್ಟಿಗೆ ಓದಿದರೆ ಯಾರಿಗಾದರೂ ತಲೆ ಕೆಡುತ್ತದೆ. ಕೈ ಕೊಡು, ಕೈ ಬಿಡು, ಕೈ ಹಾಕು ಇವನ್ನೆಲ್ಲ ನಾವು ಪಟ್ಟಿ ಮಾಡಿ ಕಲಿತೆವಾ? ‘ಬರ್ತೀನಿ ಅಂದವನು ಕೈ ಕೊಟ್ಟ’ ಅಂತ ಮನೆಯಲ್ಲಿ ಯಾರೋ ಸಿಟ್ಟಿನಿಂದ ಹೇಳಿದ್ದು ಕೇಳಿ ಕಲಿತೆವು, ಅಲ್ವಾ?

ನಿಮಗೆ ಈಗಾಗಲೇ ಎಷ್ಟೋ ಗೊತ್ತು. ವಸೂಲಾಗದ ಬಾಕಿಯನ್ನು ‘ರೈಟ್ ಆಫ್’ ಮಾಡುತ್ತೀರಿ. ಹಿಂದಿನ ಪುಟದ ಮೊತ್ತವನ್ನು ಹೊಸ ಪುಟದ ತಲೆಯಲ್ಲಿ ‘ಬ್ರಾಟ್ ಫಾರ್ವರ್ಡ್’ ಅಂತ ಬರೆಯುತ್ತೀರಿ. ಅದನ್ನೇ ಮೀಟಿಂಗಿಗೆ ಹಚ್ಚಿ. ಗುರುವಾರದ್ದು ಸೋಮವಾರವೇ ನಡೆಯುವುದಾದರೆ ‘ದ ಮೀಟಿಂಗ್ ಹ್ಯಾಸ್ ಬೀನ್ ಬ್ರಾಟ್ ಫಾರ್ವರ್ಡ್ ಟು ಮಂಡೇ’. ನಮ್ಮವರು ಇದಕ್ಕೆ ‘ಪ್ರೀಪೋನ್’ ಅನ್ನುತ್ತಾರೆ. ಇಲ್ಲಿ ನಡೆಯುತ್ತದೆ, ಹೊರದೇಶದ ಗ್ರಾಹಕರಿಗೆ ಬರೆಯುವಾಗ ಬೇಡ.

ಮೀಟಿಂಗ್ ಮುಂದಕ್ಕೆ ಹೋದರೆ ‘ಪುಟ್ ಆಫ್’. ಪೂರ್ತಿ ರದ್ದಾದರೆ ‘ಕಾಲ್ ಆಫ್’. ಇವೆರಡು ಅದಲುಬದಲಾದರೆ ಹೊಸ ದಿನ ಯಾರೂ ಬರುವುದಿಲ್ಲ, ಹಾಗಾಗಿ ಇಲ್ಲಿ ಜಾಸ್ತಿ ಎಚ್ಚರ ಬೇಕು.

‘ಇಟ್’ ಎಲ್ಲಿ ಕೂರುತ್ತದೆ ಅನ್ನುವುದನ್ನು ಹೆಚ್ಚಿನ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಅದೇ ಮುಖ್ಯ ಅನಿಸುತ್ತದೆ. ‘ಪುಟ್ ಆಫ್ ದ ಮೀಟಿಂಗ್’, ‘ಪುಟ್ ದ ಮೀಟಿಂಗ್ ಆಫ್’ ಎರಡೂ ಸರಿ. ‘ಇಟ್’ ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: ‘ಪುಟ್ ಇಟ್ ಆಫ್’, ‘ಕಾಲ್ ಇಟ್ ಆಫ್’, ‘ರೈಟ್ ಇಟ್ ಆಫ್’. ‘ಲುಕ್ ಇಂಟು’ (ಪರಿಶೀಲಿಸು) ಹಾಗಲ್ಲ, ಅದನ್ನು ಒಡೆಯುವಂತಿಲ್ಲ. ಬಿಲ್ಲಿನಲ್ಲಿ ವ್ಯತ್ಯಾಸ ಕಂಡರೆ ‘ಐ ವಿಲ್ ಲುಕ್ ಇಂಟು ಇಟ್’ ಅಂತಲೇ ಬರೆಯಬೇಕು. ಯಾವುದು ಒಡೆಯುತ್ತದೆ, ಯಾವುದಿಲ್ಲ ಅಂತ ಸುಮ್ನೆ ಸೂತ್ರ ಹುಡುಕಬೇಡಿ. ಆಫೀಸಿಗೆ ಬರುವ ಮೇಲ್‌ಗಳಿಂದ ಇಡೀ ವಾಕ್ಯವನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಮರುದಿನ ನಿಮ್ಮದೇ ಮೇಲ್‌ನಲ್ಲಿ ಅದನ್ನು ಒಮ್ಮೆ ಬಳಸಿ.

ಅಂದ ಹಾಗೆ, ನಿಮ್ಮ ಪತ್ರದ ಕೊನೆಗೆ ‘ಪ್ರಿನ್ಸಿಪಲ್’ ಸ್ಪೆಲಿಂಗ್ ಕೇಳಿದ್ದೀರಿ. ಸಾಲದ ಅಸಲಿಗೂ ಕಾಲೇಜಿನ ಮುಖ್ಯಸ್ಥರಿಗೂ ಕೊನೆಯಲ್ಲಿ ಪಿ-ಎ-ಎಲ್. ತತ್ವ ಅನ್ನುವ ಅರ್ಥಕ್ಕೆ ಮಾತ್ರ ಪಿ-ಎಲ್-ಇ.